ಬಿ.ಎಸ್ಸಿ. ಓದುವ ಮಗಳಿಗೆ ಟ್ಯಾಬ್ ಸಾಕಾ, ಲ್ಯಾಪ್‌ಟಾಪೇ ಬೇಕಾ? ಮಲೆನಾಡಿನವರು ಹೇಳಿ

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಶಿವಮೊಗ್ಗದಲ್ಲಿ ಬಿ.ಎಸ್ಸಿ.ಗೆ ಸೇರಿದ್ದಾಳೆ. ಹಾಸ್ಟೆಲಿನಲ್ಲಿ ಇರುತ್ತಾಳೆ. ನನ್ನ ಕೈಯಲ್ಲಿ 40 ಸಾವಿರ ರೂಪಾಯಿ ಇದೆ. ಪೆನ್ ಇರುವ ಹೊಸ ಟ್ಯಾಬ್ ಬೇಕು ಅಂತ ಅವಳು. ಲ್ಯಾಪ್‌ಟಾಪ್ ತಗೋ ಅಂತ ನಾನು. ಒಂದು ವಾರದಿಂದ ಮನೆಯಲ್ಲಿ ಇದೇ ಮಾತು.

ನಾನು ಟ್ಯಾಬ್ ವಿರೋಧಿ ಅಲ್ಲ. ನಮ್ಮ ಮನೆಯಲ್ಲಿ 2020ರಿಂದ 10.1 ಇಂಚಿನ ಒಂದು ಟ್ಯಾಬ್ ಇದೆ. ಆನ್‌ಲೈನ್ ಕ್ಲಾಸಿಗೆ ಅಂತ ತಂದಿದ್ದು. ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ. ಹಿಂದಿನ ಧರೆ ಹತ್ತಿ ಗೇರುಮರದ ಬುಡದಲ್ಲಿ ಕೂತರೆ ಎರಡು ಕಡ್ಡಿ ಸಿಗುತ್ತಿತ್ತು. ಮಳೆಗಾಲದಲ್ಲಿ ಅಲ್ಲೇ ಒಂದು ಟಾರ್ಪಾಲು ಕಟ್ಟಿಕೊಟ್ಟೆ. ಮಗಳು ಕಂಬಳಿಕೊಪ್ಪೆ ಹಾಕಿಕೊಂಡು, ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಪಾಠ ಕೇಳಿದಳು. ಅದು ಇಲ್ಲದಿದ್ದರೆ ಅವಳ ಆ ವರ್ಷ ಹಾಳಾಗುತ್ತಿತ್ತು. ಆ ಋಣ ನನಗೆ ಮರೆತಿಲ್ಲ.

ಆದರೆ ಕಳೆದ ವರ್ಷ ನಮ್ಮ ಶಾಲೆಯ ನೆನಪಿನ ಸಂಚಿಕೆ ತಂದೆವು. 60 ಪುಟ. ಪೂರ್ತಿ ಆ ಟ್ಯಾಬಲ್ಲೇ ಟೈಪ್ ಮಾಡಿದೆ. ಆಗ ಗೊತ್ತಾಯಿತು ಕಷ್ಟ. 'ಸ್ವಾತಂತ್ರ್ಯ' ಅಂತ ಒಂದು ಪದ ಬರೆಯಬೇಕಾದರೆ 11 ಸಲ ಗಾಜು ಮುಟ್ಟಬೇಕು. ಸ, ಹಲಂತ, ವ, ದೀರ್ಘ, ತ, ಸೊನ್ನೆ, ಮತ್ತೆ ತ, ಹಲಂತ, ರ, ಹಲಂತ, ಯ. ಪ್ರತಿ ಸಲವೂ ಕಣ್ಣು ಕೆಳಗೆ ಹೋಗಬೇಕು. ಕೀಬೋರ್ಡ್ ಅರ್ಧ ಪರದೆ ತಿಂದುಬಿಡುತ್ತದೆ. ಹಿಂದಿನ ಪ್ಯಾರಾದಲ್ಲಿ ಏನು ಬರೆದಿದ್ದೆ ಅಂತ ನೋಡಲು ಮತ್ತೆ ಅದನ್ನು ಮುಚ್ಚಬೇಕು. ಮೂರು ವಾರ ರಾತ್ರಿ ಕೂತು ಮುಗಿಸಿದೆ. ಬಲಗೈ ಹೆಬ್ಬೆರಳು ಇವತ್ತಿಗೂ ಒಮ್ಮೊಮ್ಮೆ ನೋಯುತ್ತದೆ.

ಅಷ್ಟಾದ ಮೇಲೆ ಮುದ್ರಣದವರು ನುಡಿ ಫಾಂಟಿನಲ್ಲಿ ಕೊಡಿ ಅಂದರು. ನುಡಿ ಅಂದರೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ನನ್ನ ಟ್ಯಾಬಲ್ಲಿ ಅದು ಆಗಲಿಲ್ಲ. ಅವರೇ ಬದಲಾಯಿಸಿಕೊಂಡರು. ಅರ್ಕಾವೊತ್ತು ಇದ್ದ ಕಡೆಯೆಲ್ಲ ಅಕ್ಷರ ಕೆಟ್ಟಿತ್ತು. 'ವರ್ಷ', 'ಕಾರ್ಯಕ್ರಮ', ಎಲ್ಲವನ್ನೂ ಕೂತು ತಿದ್ದಿದೆ.

ಮಗಳು ಮೂರು ವರ್ಷ ಹೀಗೆ ಒದ್ದಾಡಬಾರದು ಅಂತ ನನ್ನ ಆಸೆ. ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

ಅರಗದ ಅಡಿಕೆ ಬೆಳೆಗಾರ

ಮೇಷ್ಟ್ರೇ, ನಾನು ಟ್ಯಾಬ್ ಪರ. ಆದರೆ ನನ್ನ ಕೆಲಸ ಬೇರೆ.

ನನ್ನ ಟ್ಯಾಬಿಗೆ ಸಿಮ್ ಹಾಕಬಹುದು. ತೋಟಕ್ಕೆ ಹೋದರೆ ಚೀಲದಲ್ಲಿ ಅದು ಇರುತ್ತದೆ. ದಿಶಾಂಕ್ ಆ್ಯಪ್ ತೆಗೆದರೆ ನಾನು ನಿಂತಿರುವ ಜಾಗ ಯಾವ ಸರ್ವೆ ನಂಬರು ಅಂತ ನಕ್ಷೆಯಲ್ಲಿ ತೋರಿಸುತ್ತದೆ. ಫೋನಿನಲ್ಲೂ ಬರುತ್ತದೆ, ಆದರೆ ಗಡಿಗೆರೆ ಸರಿಯಾಗಿ ಕಾಣಬೇಕಾದರೆ ದೊಡ್ಡ ಪರದೆಯೇ ಬೇಕು. ಪಕ್ಕದ ತೋಟದವರ ಜೊತೆ ಬೇಲಿ ಮಾತು ಬಂದಾಗ ಇಬ್ಬರೂ ಒಟ್ಟಿಗೆ ನಿಂತು ನೋಡಿದೆವು. ಬೆಳೆ ಸಮೀಕ್ಷೆಯ ಫೋಟೋ ಅದರಲ್ಲೇ. ಕೊಳೆ ಬಂದ ಗೊನೆಯ ಫೋಟೋ ತೆಗೆದು ತಿಳಿದವರಿಗೆ ಕಳಿಸುವುದೂ ಅದರಲ್ಲೇ. ಲ್ಯಾಪ್‌ಟಾಪ್ ಹಿಡಿದುಕೊಂಡು ತೋಟದ ಕಾದಿಗೆ (ನೀರು ಹರಿಯುವ ಕಾಲುವೆ) ದಾಟಲು ಆಗುತ್ತದಾ?

ಕರೆಂಟಿನ ಲೆಕ್ಕ ಇನ್ನೊಂದು. ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದರೆ ಮೂರು ದಿನ ಕತ್ತಲೆ. ನನ್ನ ಹತ್ತಿರ 20,000 ಎಂಎಎಚ್‌ನ ಪವರ್ ಬ್ಯಾಂಕ್ ಇದೆ. ಟ್ಯಾಬನ್ನು ಒಂದೂವರೆ ಸಲ ತುಂಬಿಸುತ್ತದೆ. ಲ್ಯಾಪ್‌ಟಾಪಿಗೆ ಅದು ಸಾಲುವುದೇ ಇಲ್ಲ.

ಒಂದು ತೊಂದರೆ ಮಾತ್ರ ಹೇಳುತ್ತೇನೆ. ಕೈ ಒದ್ದೆಯಾದರೆ ಗಾಜು ಮಾತು ಕೇಳುವುದಿಲ್ಲ. ಮೇಲೆ ನಾಲ್ಕು ಹನಿ ಬಿದ್ದರೆ ತಾನೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ. ಬೆರಳಿನ ವಿದ್ಯುತ್ ಗುಣವನ್ನು ಹಿಡಿದು ಕೆಲಸ ಮಾಡುವ ಪರದೆ ಅದು. ನೀರಿಗೂ ಬೆರಳಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ಹೆಗಲ ಮೇಲೆ ಒಣ ಬೈರಾಸು ಇರಲೇಬೇಕು.

ಸಾಗರದ ಸೊಸೈಟಿ ಲೆಕ್ಕಿಗ

ಲ್ಯಾಪ್‌ಟಾಪ್. ಯೋಚನೆಯೇ ಬೇಡ.

ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಟ್ಯಾಲಿ ವಿಂಡೋಸಿನಲ್ಲಿ ನಡೆಯುವ ಸಾಫ್ಟ್‌ವೇರ್. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಬೇಕಾದರೆ ಅದರ ಡ್ರೈವರ್ ಕಂಪ್ಯೂಟರಿನಲ್ಲಿ ಇರಬೇಕು. ಎಕ್ಸೆಲ್‌ನಲ್ಲಿ ಎರಡು ಹಾಳೆ ಅಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡಬೇಕು. ಇದೆಲ್ಲ ಟ್ಯಾಬಲ್ಲಿ ಆಗದ ಮಾತು.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಮೈಕ್ರೋಸಾಫ್ಟ್‌ನವರ ವರ್ಡ್, ಎಕ್ಸೆಲ್ ಆ್ಯಪ್‌ಗಳು 10.1 ಇಂಚಿನವರೆಗಿನ ಪರದೆಯಲ್ಲಿ ಮಾತ್ರ ಪುಕ್ಕಟೆಯಾಗಿ ತಿದ್ದಲು ಬಿಡುತ್ತವೆ. ಅದಕ್ಕಿಂತ ದೊಡ್ಡ ಟ್ಯಾಬ್ ಆದರೆ ತೆರೆದು ಓದಬಹುದು, ತಿದ್ದಬೇಕಾದರೆ ಚಂದಾ ಕಟ್ಟಬೇಕು. ಈಗ ಅಂಗಡಿಯಲ್ಲಿ ತೋರಿಸುವುದು ಹೆಚ್ಚಾಗಿ 11 ಇಂಚಿನವೇ. ದುಡ್ಡು ಕೊಡುವ ಮೊದಲು ಇದು ಗೊತ್ತಿರಲಿ.

ಹೊಸನಗರದ ಬಿಸಿಎ ಹುಡುಗ

ನಾನು ಸರ್ಕಾರಿ ಕಾಲೇಜಿನಲ್ಲಿ ಓದಿದವನು. 2021ರಲ್ಲಿ ಸರ್ಕಾರ ನಮಗೆಲ್ಲ ಉಚಿತವಾಗಿ ಟ್ಯಾಬ್ ಕೊಟ್ಟಿತು. ಮನೆಯಲ್ಲಿ ಅದಕ್ಕೆ ಮೊದಲು ಅಪ್ಪನ ಫೋನ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ನೋಟ್ಸ್ ಓದಲು, ಪಾಠದ ವಿಡಿಯೋ ನೋಡಲು ಬಹಳ ಉಪಯೋಗ ಆಯಿತು. ಅದನ್ನು ನಾನು ಯಾವತ್ತೂ ಹೇಳುತ್ತೇನೆ.

ಆದರೆ ಪ್ರೋಗ್ರಾಮ್ ಬರೆಯಲು ಅದು ಆಗಲಿಲ್ಲ. ಜಾವಾ ಕಲಿಯಬೇಕು, ಡೇಟಾಬೇಸ್ ಹಾಕಬೇಕು. ಬ್ರೌಸರಿನಲ್ಲಿ ಬರೆದು ನೋಡುವ ಜಾಲತಾಣಗಳು ಇವೆ, ಆದರೆ ಅದಕ್ಕೆ ನೆಟ್ ಬೇಕು. ನಮ್ಮೂರಲ್ಲಿ ನೆಟ್ ಬೇಕಾದರೆ ಗುಡ್ಡ ಹತ್ತಬೇಕು. ಸೆಮಿಕೋಲನ್ ಹಾಕಲು ಎರಡು ಸಲ ಕೀಬೋರ್ಡ್ ಬದಲಿಸಬೇಕಿತ್ತು. ಕಾಲೇಜಿನ ಲ್ಯಾಬ್ ಮುಚ್ಚುವವರೆಗೆ ಅಲ್ಲೇ ಕೂತು, ಕೊನೆ ಬಸ್ಸಿಗೆ ಓಡುತ್ತಿದ್ದೆ. ಕೊನೆಯ ವರ್ಷ ಮಾವ ಹಳೆಯ ಲ್ಯಾಪ್‌ಟಾಪ್ ಒಂದು ಕೊಟ್ಟರು. ನನಗೆ ಕೆಲಸ ಸಿಕ್ಕಿದ್ದು ಅದರಲ್ಲಿ ಮಾಡಿದ ಪ್ರಾಜೆಕ್ಟಿನಿಂದ.

ಶಂಕರಘಟ್ಟದ ಸಂಶೋಧಕಿ

ಟ್ಯಾಬ್ ಪರವಾಗಿ ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾಕೆಂದರೆ ಇಲ್ಲಿ ಯಾರೂ ಓದುವುದರ ಬಗ್ಗೆ ಮಾತಾಡಲಿಲ್ಲ.

ನಾನು ಕೆಳದಿ ಅರಸರ ಕಾಲದ ಶಾಸನಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ನನಗೆ ಬೇಕಾದ ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಇದೆ. ಅವು ಚಿತ್ರಗಳು. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಗೆ ಬರುವುದಿಲ್ಲ, ಪರದೆಯ ಹೊರಗೆ ಹೋಗುತ್ತದೆ. ಒತ್ತಕ್ಷರ ಕಾಣುವುದಿಲ್ಲ. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು.

ಈಗ ಅಳತೆ ನೋಡಿ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಆಕಾರದವು. ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ. 10.1 ಇಂಚಿನ ಟ್ಯಾಬನ್ನು ನಿಲ್ಲಿಸಿ ಹಿಡಿದರೆ ಅದರ ಪರದೆ ಸುಮಾರು 5.4 ಇಂಚು ಅಗಲ, 8.6 ಇಂಚು ಉದ್ದ. ಅಂದರೆ ಪುಟ ಹೇಗೆ ಅಚ್ಚಾಗಿತ್ತೋ ಹಾಗೇ, ಅಷ್ಟೇ ಗಾತ್ರದಲ್ಲಿ ಕೈಯಲ್ಲಿ ಬಂದು ಕೂರುತ್ತದೆ. 15.6 ಇಂಚಿನ ಲ್ಯಾಪ್‌ಟಾಪ್ ಎಷ್ಟೇ ದೊಡ್ಡದಿರಲಿ, ಅದರ ಪರದೆಯ ಎತ್ತರ 7.6 ಇಂಚು ಮಾತ್ರ. ಪುಟ ಪೂರ್ತಿ ಹಿಡಿಸುವುದಿಲ್ಲ. ಪಕ್ಕದಲ್ಲಿ ಎರಡೂ ಕಡೆ ಖಾಲಿ ಜಾಗ ಸುಮ್ನೆ ಬಿದ್ದಿರುತ್ತದೆ.

ಕಳೆದ ಡಿಸೆಂಬರಿನಲ್ಲಿ ಬಳ್ಳಿಗಾವಿಗೆ ಹೋಗಿದ್ದೆ. ಶಾಸನದ ಕಲ್ಲಿನ ಮುಂದೆ ನಿಂತು, ಬಿ.ಎಲ್. ರೈಸ್ ಅವರು ನೂರು ವರ್ಷಕ್ಕೂ ಹಿಂದೆ ಅಚ್ಚು ಹಾಕಿಸಿದ ಶಿವಮೊಗ್ಗ ಜಿಲ್ಲೆಯ ಶಾಸನ ಪಾಠವನ್ನು ಎಡಗೈಯಲ್ಲಿ ಹಿಡಿದಿದ್ದೆ. ಬಲಗೈ ಬೆರಳು ಕಲ್ಲಿನ ಅಕ್ಷರದ ಮೇಲೆ. ಒಂದು ಕಡೆ ಕಲ್ಲು ಸವೆದಿತ್ತು. ಅಲ್ಲೇ ಪೆನ್ನಿನಿಂದ ಪಿಡಿಎಫ್ ಪುಟದ ಅಂಚಿನಲ್ಲಿ ಬರೆದುಕೊಂಡೆ. ಕಲ್ಲಿನ ಫೋಟೋ ತೆಗೆದು ಅದೇ ಟಿಪ್ಪಣಿಗೆ ಸೇರಿಸಿದೆ. ಆ ಪುಸ್ತಕ ನಿಜವಾದದ್ದಾಗಿದ್ದರೆ ಗ್ರಂಥಾಲಯದಿಂದ ಹೊರಗೆ ಬರುತ್ತಲೇ ಇರಲಿಲ್ಲ. ಲ್ಯಾಪ್‌ಟಾಪ್ ಆಗಿದ್ದರೆ ಇಡಲು ಜಾಗ ಹುಡುಕಬೇಕಿತ್ತು.

ಪೆನ್ ಬಗ್ಗೆ ಒಂದು ಮಾತು. ರಬ್ಬರ್ ತುದಿಯ ಅಗ್ಗದ ಪೆನ್ ತಗೊಳ್ಳಬೇಡಿ. ಅದು ಬೆರಳಿನ ಬದಲಿ ಅಷ್ಟೇ. ಅಂಗೈ ಪರದೆ ಮೇಲೆ ಊರಿದರೂ ಗೀಟು ಬೀಳದಂತೆ, ಒತ್ತಿದಷ್ಟು ದಪ್ಪ ಬರುವಂತೆ ಇರಬೇಕು. ಅದಕ್ಕೆ ಟ್ಯಾಬ್ ಮತ್ತು ಪೆನ್ ಎರಡೂ ಒಂದಕ್ಕೊಂದು ಹೊಂದುವಂಥವೇ ಆಗಬೇಕು. ಸ್ಯಾಮ್ಸಂಗ್ ಎಸ್ ಪೆನ್ನಿಗೆ ಬರೆಯಲು ಚಾರ್ಜೂ ಬೇಡ.

ಪ್ರಬಂಧ ಯಾವುದರಲ್ಲಿ ಬರೆಯುತ್ತೀರಿ ಅಂತ ಕೇಳಿದರೆ, ಲ್ಯಾಪ್‌ಟಾಪಿನಲ್ಲಿ. ಅಡಿಟಿಪ್ಪಣಿ ಹಾಕಬೇಕು, ನಾಲ್ಕು ಕಡತ ಒಟ್ಟಿಗೆ ತೆರೆದಿರಬೇಕು. ಟ್ಯಾಬಲ್ಲಿ ಓದುತ್ತೇನೆ, ಲ್ಯಾಪ್‌ಟಾಪಲ್ಲಿ ಬರೆಯುತ್ತೇನೆ. ನನಗೆ ಎರಡೂ ಬೇಕು.

ಸೊರಬದಿಂದ ಒಬ್ಬ

ಟ್ಯಾಬಿಗೆ ಒಂದು ಕೀಬೋರ್ಡ್ ಕವರ್ ಹಾಕಿದರೆ ಅದೇ ಲ್ಯಾಪ್‌ಟಾಪ್ ಆಗುತ್ತದೆ ಅಲ್ವಾ? ಎರಡೂ ಕೆಲಸ ಒಂದರಲ್ಲೇ.

ಹೊಸನಗರದ ಬಿಸಿಎ ಹುಡುಗ

ನೋಡಲು ಹಾಗೇ ಕಾಣುತ್ತದೆ. ಒಳಗೆ ಹಾಗಿಲ್ಲ.

ಯಂತ್ರದ ಶಕ್ತಿಯಲ್ಲಿ ಈಗ ಕೊರತೆ ಇಲ್ಲ. ಆ್ಯಪಲ್ 2021ರಲ್ಲೇ ತನ್ನ ಮ್ಯಾಕ್‌ಬುಕ್ಕಿನ ಎಂ1 ಚಿಪ್ಪನ್ನು ಐಪ್ಯಾಡ್ ಪ್ರೋಗೂ ಹಾಕಿತು. ಚಿಪ್ ಅದೇ. ಆದರೂ ಮ್ಯಾಕ್‌ನಲ್ಲಿ ನಡೆಯುವ ಸಾಫ್ಟ್‌ವೇರ್ ಐಪ್ಯಾಡಿನಲ್ಲಿ ನಡೆಯುವುದಿಲ್ಲ. ಟ್ಯಾಬಿನ ವ್ಯವಸ್ಥೆಯನ್ನು ಮೊದಲಿನಿಂದ ಕಟ್ಟಿರುವುದೇ ಬೆರಳಿಗೆ. ಒಂದು ಸಲಕ್ಕೆ ಒಂದು ಆ್ಯಪ್, ಅದರ ಕಡತ ಅದರೊಳಗೇ. ಐಪ್ಯಾಡ್ ಬಂದಿದ್ದು 2010ರಲ್ಲಿ. ಅದಕ್ಕೆ ಮೌಸ್ ಜೋಡಿಸಲು, ಪೆನ್‌ಡ್ರೈವ್ ತೆರೆಯಲು ಸಾಧ್ಯವಾಗಿದ್ದು 2019ರಲ್ಲಿ. ಈಗೀಗ ಕಿಟಕಿಗಳನ್ನು ಬೇಕಾದ ಹಾಗೆ ಸರಿಸಬಹುದು. ಅಂತರ ಕಡಿಮೆ ಆಗುತ್ತಿದೆ ಅನ್ನುವುದು ನಿಜ. ಆದರೆ ಅದೆಲ್ಲ ಸರಿಯಾಗಿ ಸಿಗುವುದು ದುಬಾರಿ ಟ್ಯಾಬುಗಳಲ್ಲಿ. ಮೇಷ್ಟ್ರ 40 ಸಾವಿರದಲ್ಲಿ ಟ್ಯಾಬ್, ಪೆನ್, ಕೀಬೋರ್ಡ್ ಮೂರೂ ಒಳ್ಳೆಯವು ಬರುವುದು ಕಷ್ಟ.

ಕವರ್ ಕೀಬೋರ್ಡ್ ಮೇಜಿನ ಮೇಲೆ ಪರವಾಗಿಲ್ಲ. ಹಾಸ್ಟೆಲ್ ಮಂಚದ ಮೇಲೆ, ತೊಡೆ ಮೇಲೆ ಇಟ್ಟರೆ ಹಿಂದಕ್ಕೆ ವಾಲುತ್ತದೆ. ಲ್ಯಾಪ್‌ಟಾಪಿನ ಭಾರ ಕೆಳಗಿರುತ್ತದೆ. ಟ್ಯಾಬಿನ ಭಾರ ಎಲ್ಲ ಪರದೆಯಲ್ಲೇ.

ತೀರ್ಥಹಳ್ಳಿ ಮೇಷ್ಟ್ರು

ನಾನೂ ಆ ಪ್ರಯತ್ನ ಮಾಡಿದ್ದೆ. ಸಂಚಿಕೆಯ ಕೆಲಸದ ನಡುವೆ ಬ್ಲೂಟೂತ್ ಕೀಬೋರ್ಡ್ ಒಂದು ತಂದೆ. ನನ್ನ ಬೆರಳು ಕಲಿತಿರುವುದು ನುಡಿಯ ಕೀಲಿಗಳ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿದ್ದು. ಎಫ್ ಒತ್ತಿದರೆ ಹಲಂತ ಬರಬೇಕು. ನನ್ನ ಟ್ಯಾಬಲ್ಲಿ ಆ ಕೀಬೋರ್ಡಿಗೆ ಆ ವಿನ್ಯಾಸ ಕೂಡಿಸಲು ನನ್ನಿಂದ ಆಗಲಿಲ್ಲ. ಇಂಗ್ಲಿಷ್ ಮಾತ್ರ ಚೆನ್ನಾಗಿ ಬರುತ್ತಿತ್ತು.

'ಸ್ವಾತಂತ್ರ್ಯ' ಪದಕ್ಕೆ ನುಡಿಯಲ್ಲೂ 11 ಕೀಲಿಯೇ. ಅದು ಗೊತ್ತು. ಆದರೆ ನುಡಿಯಲ್ಲಿ ನಾನು ಕೀಲಿ ನೋಡುವುದಿಲ್ಲ. ಪರದೆಯಲ್ಲಿ ಪದ ಮೂಡುವುದನ್ನು ನೋಡುತ್ತೇನೆ. ಮುಂದಿನ ವಾಕ್ಯ ಆಗಲೇ ತಲೆಯಲ್ಲಿ ಬಂದಿರುತ್ತದೆ. ಬರೆಯುವವರಿಗೆ ಇದು ಬಹಳ ದೊಡ್ಡ ವ್ಯತ್ಯಾಸ. ಗಾಜಿನ ಮೇಲೆ ಬರೆದ ನನ್ನ ಲೇಖನಗಳಲ್ಲಿ ವಾಕ್ಯಗಳು ತುಂಡು ತುಂಡಾಗಿವೆ. ಈಗ ಓದಿದರೂ ಯಾವುದನ್ನು ಎಲ್ಲಿ ಟೈಪ್ ಮಾಡಿದೆ ಅಂತ ಹೇಳಬಲ್ಲೆ.

ಕೊಪ್ಪದ ಗೃಹಿಣಿ

ಮೇಷ್ಟ್ರೇ, ಮಾತಾಡಿ ಟೈಪ್ ಮಾಡಿಸಬಹುದಲ್ಲ? ಗೂಗಲ್ ಕೀಬೋರ್ಡಿನಲ್ಲಿ 2017ರಿಂದ ಕನ್ನಡದಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಅತ್ತೆಗೆ 74 ವರ್ಷ. ಅಮೆರಿಕದಲ್ಲಿರುವ ಮೊಮ್ಮಗನಿಗೆ ಹಾಗೇ ಪತ್ರ ಬರೆಯುತ್ತಾರೆ. ಬೆರಳಿನಿಂದ ಗಾಜಿನ ಮೇಲೆ ಅಕ್ಷರ ತಿದ್ದಿದರೂ ಗುರುತು ಹಿಡಿಯುತ್ತದೆ. ಸ್ಲೇಟಿನ ಹಾಗೆ ಅಂತ ಅವರಿಗೆ ಬಹಳ ಖುಷಿ. ಲ್ಯಾಪ್‌ಟಾಪ್ ಮುಂದೆ ಅವರನ್ನು ಕೂರಿಸಲು ಎರಡು ವರ್ಷ ನೋಡಿದೆವು, ಆಗಲಿಲ್ಲ. ಟ್ಯಾಬನ್ನು ಒಂದೇ ಸಂಜೆಯಲ್ಲಿ ಕಲಿತರು. ಈಗ ರಾತ್ರಿ ಊಟ ಆದ ಮೇಲೆ ಯಕ್ಷಗಾನ ನೋಡುತ್ತಾರೆ. ಅಕ್ಷರ ದೊಡ್ಡದು ಮಾಡಿಕೊಟ್ಟರೆ ಪೇಪರ್ ಓದುತ್ತಾರೆ.

ವಯಸ್ಸಾದವರಿಗೆ ಟ್ಯಾಬಿಗಿಂತ ಒಳ್ಳೆಯದು ಇಲ್ಲ. ಇದನ್ನು ನಾನು ಎದೆ ಮುಟ್ಟಿ ಹೇಳುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು

ಮಾತಿನ ಟೈಪಿಂಗ್ ನೋಡಿದ್ದೇನೆ ತಾಯಿ. ಪತ್ರಕ್ಕೆ ಚೆನ್ನಾಗಿದೆ. ನಮ್ಮ ಮನೆಯಲ್ಲಿ ನೆಟ್ ಇಲ್ಲದಾಗ ಅದು ಕೆಲಸ ಮಾಡಲಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುವಾಗ ಹೇಳಿದ್ದೊಂದು, ಬರೆದುಕೊಂಡಿದ್ದು ಇನ್ನೊಂದು.

ಭದ್ರಾವತಿ ರಿಪೇರಿಯವ

ನಾನು ಹದಿನಾಲ್ಕು ವರ್ಷದಿಂದ ಲ್ಯಾಪ್‌ಟಾಪ್, ಫೋನ್, ಟ್ಯಾಬ್ ರಿಪೇರಿ ಮಾಡುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ನನ್ನ ಮೇಜಿನ ಮೇಲೆ ಏನು ಬರುತ್ತದೆ ಅಂತ ಹೇಳುತ್ತೇನೆ. ಇದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ಲ್ಯಾಪ್‌ಟಾಪಿಗೆ ಫ್ಯಾನ್ ಇದೆ. ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಮಲೆನಾಡಿನ ಮನೆಯಲ್ಲಿ ಆ ಗಾಳಿಯ ಜೊತೆ ತೇವ, ಒಲೆಯ ಹೊಗೆ, ಅಡಿಕೆ ಸುಲಿಯುವ ಕಾಲಕ್ಕೆ ಸಿಪ್ಪೆಯ ನಾರು ಎಲ್ಲ ಒಳಗೆ ಹೋಗುತ್ತದೆ. ಸಾಗರದ ಕಡೆಯ ಒಂದು ಲ್ಯಾಪ್‌ಟಾಪ್ ಬಿಚ್ಚಿದಾಗ ಫ್ಯಾನಿನ ರೆಕ್ಕೆ ಮೇಲೆ ಕಂದು ಬಣ್ಣದ ಪದರ ಇತ್ತು, ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಬಂತು. ಟ್ಯಾಬಿಗೆ ಸಾಮಾನ್ಯವಾಗಿ ಫ್ಯಾನ್ ಇಲ್ಲ. ಮುಚ್ಚಿದ ಪೆಟ್ಟಿಗೆ. ಆ ಮಟ್ಟಿಗೆ ಅದು ಗಟ್ಟಿ.

ಆದರೆ ಟ್ಯಾಬ್ ಕೆಟ್ಟರೆ ನನಗೆ ಕೈ ಹಾಕಲು ಭಯ. ಪರದೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಬಿಸಿ ಮಾಡಿ ಮೆಲ್ಲಗೆ ಎಬ್ಬಿಸಬೇಕು. ಎಷ್ಟೇ ಹುಷಾರಾಗಿದ್ದರೂ ಕೆಲವು ಬಿರುಕು ಬಿಡುತ್ತವೆ. ಮೆಮೊರಿ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಹೆಚ್ಚಿಸಲು ಆಗುವುದಿಲ್ಲ. ಲ್ಯಾಪ್‌ಟಾಪ್ ಹಾಗಲ್ಲ. ಕೀಬೋರ್ಡ್ ಹೋದರೆ ಕೀಬೋರ್ಡ್ ಹಾಕುತ್ತೇನೆ. ಬ್ಯಾಟರಿ ಹೋದರೆ ಬ್ಯಾಟರಿ. ಕಡತ ಇಡುವ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದರೆ ಐದು ನಿಮಿಷಕ್ಕೆ ಏಳುತ್ತಿದ್ದ ಯಂತ್ರ ಅರ್ಧ ನಿಮಿಷಕ್ಕೆ ಏಳುತ್ತದೆ. ಎಲ್ಲ ತೆಳು ಲ್ಯಾಪ್‌ಟಾಪಿನಲ್ಲೂ ಇದು ಆಗುವುದಿಲ್ಲ. ತಗೊಳ್ಳುವ ಮೊದಲು ಹಿಂದಿನ ಮುಚ್ಚಳ ಬಿಚ್ಚಲು ಬರುತ್ತದಾ, ಮೆಮೊರಿಗೆ ಜಾಗ ಇದೆಯಾ ಅಂತ ಕೇಳಿ.

ಅಗ್ಗದ ಟ್ಯಾಬಿನ ಇನ್ನೊಂದು ಕಷ್ಟ ವಯಸ್ಸು. ಎರಡು ಮೂರು ವರ್ಷಕ್ಕೆ ಆಂಡ್ರಾಯ್ಡ್ ಹೊಸ ಆವೃತ್ತಿ ಬರುವುದು ನಿಲ್ಲುತ್ತದೆ. ಆಮೇಲೆ ಒಂದೊಂದೇ ಆ್ಯಪ್ ಇನ್ನು ಈ ಸಾಧನದಲ್ಲಿ ನಡೆಯಲ್ಲ ಅನ್ನುತ್ತದೆ. ಗಾಜು ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಆದರೂ ಮೂಲೆಗೆ.

ಮೇಷ್ಟ್ರಿಗೆ ನನ್ನ ಸಲಹೆ: ಕಂಪನಿಗಳು ಬಳಸಿ ಮಾರಿದ, ನವೀಕರಿಸಿದ ಲ್ಯಾಪ್‌ಟಾಪ್ ನೋಡಿ. ಒಳಗಿನ ಮುಖ್ಯ ಚಿಪ್ (ಪ್ರೊಸೆಸರ್) ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಲಿ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನುವ ಇನ್ನೊಂದು ವ್ಯವಸ್ಥೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ನಿಮ್ಮ ಕೆ.ಪಿ. ರಾವ್ ವಿನ್ಯಾಸ ಅದರಲ್ಲಿ ಮೊದಲೇ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ಅಂತ ಹುಡುಕಿ. ಎಫ್ ಒತ್ತಿದರೆ ಹಲಂತ ಬರುತ್ತದೆ.

ತೀರ್ಥಹಳ್ಳಿ ಮೇಷ್ಟ್ರು

ಕಗಪದ ವಿಷಯ ನನಗೆ ಗೊತ್ತೇ ಇರಲಿಲ್ಲ. ಬಹಳ ಉಪಕಾರ ಆಯಿತು.

ಮೇಷ್ಟ್ರ ಮಗಳು

ಅಪ್ಪ ಇದನ್ನು ತೋರಿಸಿದರು. ನನ್ನ ಮಾತನ್ನೂ ಹೇಳುತ್ತೇನೆ.

ಟ್ಯಾಬ್ ಅಂತ ನಾನು ಹಟ ಮಾಡಿದ್ದು ಆಟಕ್ಕಲ್ಲ. ಹಾಸ್ಟೆಲ್ ಕೋಣೆಯಲ್ಲಿ ನಾವು ನಾಲ್ಕು ಜನ. ಪ್ಲಗ್ ಇರುವುದು ಎರಡು. ಟ್ಯಾಬ್ ಆದರೆ ರಾತ್ರಿ ಒಂದು ಸಲ ಚಾರ್ಜ್ ಮಾಡಿದರೆ ಮಾರನೇ ದಿನ ಪೂರ್ತಿ ಬರುತ್ತದೆ. ಪ್ರತಿ ಶನಿವಾರ ಬಸ್ಸಿನಲ್ಲಿ ಊರಿಗೆ ಬರುತ್ತೇನೆ. ಅರ್ಧ ದಾರಿ ನಿಂತುಕೊಂಡೇ. ಬ್ಯಾಗಿನಲ್ಲಿ ಅರ್ಧ ಕೆ.ಜಿ. ಇರುವುದಕ್ಕೂ ಒಂದೂವರೆ ಎರಡು ಕೆ.ಜಿ. ಇರುವುದಕ್ಕೂ ಹೆಗಲಿಗೆ ವ್ಯತ್ಯಾಸ ಗೊತ್ತಾಗುತ್ತದೆ. ನನಗೆ ಸಸ್ಯಶಾಸ್ತ್ರ ಇಷ್ಟ. ಎಲೆ, ಹೂವಿನ ಚಿತ್ರ ಬಿಡಿಸಿ ಭಾಗಗಳ ಹೆಸರು ಬರೆಯಬೇಕು. ಪೆನ್ ಇದ್ದರೆ ಕಾಡಿನಲ್ಲೇ ಫೋಟೋದ ಮೇಲೆ ಬರೆದುಕೊಳ್ಳಬಹುದು ಅಂತ ಆಸೆ ಇತ್ತು. ಶಂಕರಘಟ್ಟದ ಅಕ್ಕ ಬರೆದದ್ದು ಓದಿ ಆ ಆಸೆ ಇನ್ನೂ ಜಾಸ್ತಿ ಆಯಿತು.

ಆದರೆ ಅಪ್ಪ ಸಂಚಿಕೆ ಟೈಪ್ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಪ್ರಾಜೆಕ್ಟ್ ವರದಿ ಬರೆಯುವ ಕಾಲ ಬಂದರೆ ನನಗೂ ಹಾಗೇ ಆಗುತ್ತದಾ ಅಂತ ಅಳುಕಿದೆ.

ಶಂಕರಘಟ್ಟದ ಸಂಶೋಧಕಿ

ಪುಟ್ಟಿ, ನಿಮ್ಮ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲಿನಲ್ಲೇ ಬಿಡಿಸಬೇಕಾ ಅಂತ ಮೊದಲು ಕೇಳಿಕೋ. ಹೌದಾದರೆ ಟ್ಯಾಬಲ್ಲಿ ಬಿಡಿಸಿದ್ದನ್ನು ಮತ್ತೆ ಕಾಗದದ ಮೇಲೆ ಬಿಡಿಸಬೇಕು. ಕಾಡಿಗೆ ಹೋಗುವಾಗ ಗಟ್ಟಿ ರಟ್ಟಿನ ಸಣ್ಣ ಪುಸ್ತಕ, ಪೆನ್ಸಿಲ್, ಜೊತೆಗೆ ಫೋನ್ ಕ್ಯಾಮೆರಾ. ಈ ಮೂರಕ್ಕೆ ಮಳೆಯೂ ಅಡ್ಡಿಯಿಲ್ಲ. ಪೆನ್ಸಿಲ್ ಗೆರೆ ಒದ್ದೆಯಾದರೂ ಅಳಿಸಿ ಹೋಗುವುದಿಲ್ಲ.

ಓದಲು ಪೆನ್ ಬೇಕಿಲ್ಲ. ಮನೆಯಲ್ಲಿ ಒಂದು ಟ್ಯಾಬ್ ಇದೆಯಲ್ಲ, ಅದು 10.1 ಇಂಚು ಅಂತ ಅಪ್ಪನೇ ಹೇಳಿದ್ದಾರೆ. ಹಳೆಯದಾದರೂ ಪಿಡಿಎಫ್ ತೆರೆಯುತ್ತದೆ. ನಿನ್ನ ಓದಿಗೆ ಅದೇ ಸಾಕು.

ಮೇಷ್ಟ್ರ ಮಗಳು

ಕಾಲೇಜಿನಲ್ಲಿ ಕೇಳಿದೆ. ರೆಕಾರ್ಡ್ ಕೈಯಲ್ಲೇ ಬರೆಯಬೇಕಂತೆ. ವರದಿ ಮಾತ್ರ ಟೈಪ್ ಮಾಡಿಸಿ, ಮುದ್ರಿಸಿ, ಬೈಂಡ್ ಮಾಡಿ ಕೊಡಬೇಕು.

ಹಳೆಯ ಟ್ಯಾಬ್ ಒಂದು ವರ್ಷದಿಂದ ಕಪಾಟಿನಲ್ಲಿದೆ. ಈಗ ಆನ್ ಆಗುತ್ತಿಲ್ಲ.

ಭದ್ರಾವತಿ ರಿಪೇರಿಯವ

ಪೂರ್ತಿ ಖಾಲಿಯಾಗಿ ಇಟ್ಟಿದ್ದೀರಿ. ಲಿಥಿಯಂ ಬ್ಯಾಟರಿಯನ್ನು ಹಾಗೆ ಇಡಬಾರದು. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜ್ ಇಟ್ಟು ಇಡಬೇಕು. ಹಿಂಬದಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಹಾಗೇ ತನ್ನಿ. ಉಬ್ಬಿಲ್ಲದಿದ್ದರೆ ಒಂದು ಗಂಟೆ ಚಾರ್ಜಿಗೆ ಹಾಕಿ, ಪಕ್ಕದಲ್ಲೇ ಇರಿ. ಎದ್ದರೂ ಏಳಬಹುದು.

ತೀರ್ಥಹಳ್ಳಿ ಮೇಷ್ಟ್ರು

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಸಲಹೆ ಕೊಟ್ಟವರಿಗೆ ಏನಾಯಿತು ಅಂತ ಹೇಳಬೇಕು ಅಲ್ವಾ.

ನವೀಕರಿಸಿದ ಲ್ಯಾಪ್‌ಟಾಪ್ ತಗೊಂಡೆವು. 14 ಇಂಚು, 8ನೇ ತಲೆಮಾರು, 8 ಜಿಬಿ ಮೆಮೊರಿ, ಎಸ್‌ಎಸ್‌ಡಿ. 24 ಸಾವಿರ ಆಯಿತು. ಲಿನಕ್ಸ್ ಹಾಕಿದ್ದು ಮಗಳೇ, ಹೊಸನಗರದ ಹುಡುಗ ಫೋನಿನಲ್ಲಿ ಎರಡು ಗಂಟೆ ಕೂತು ಹೇಳಿಕೊಟ್ಟ. ಕಗಪ ಸಿಕ್ಕಿತು. ನಾನು ಕೂತು ಮೊದಲು ಟೈಪ್ ಮಾಡಿದ್ದು 'ಸ್ವಾತಂತ್ರ್ಯ'. ಕಣ್ಣು ಕೆಳಗೆ ಹೋಗಲಿಲ್ಲ.

ಹಳೆಯ ಟ್ಯಾಬಿನ ಬ್ಯಾಟರಿ ಉಬ್ಬಿತ್ತು. ಭದ್ರಾವತಿಗೆ ಕೊಟ್ಟು ಹಾಕಿಸಿದೆ, ಗಾಜು ಬಿರುಕು ಬಿಡಲಿಲ್ಲ. ಹೊಸ ಆ್ಯಪ್ ಯಾವುದೂ ಅದರಲ್ಲಿ ಕೂರುವುದಿಲ್ಲ. ಪಿಡಿಎಫ್ ಮಾತ್ರ ಚೆನ್ನಾಗಿ ತೆರೆಯುತ್ತದೆ. ವಾರದ ದಿನ ಅದು ಮಗಳ ಹತ್ತಿರ. ಲ್ಯಾಪ್‌ಟಾಪನ್ನು ಹಾಸ್ಟೆಲಿನಲ್ಲೇ ಬಿಟ್ಟು, ಶನಿವಾರ ಬಸ್ಸಿಗೆ ಟ್ಯಾಬ್ ಒಂದನ್ನೇ ತರುತ್ತಾಳೆ. ಪೆನ್ನಿನ ಆಸೆ ಅವಳಿಗೆ ಇನ್ನೂ ಇದೆ. ಉಳಿದ ದುಡ್ಡನ್ನು ಅದಕ್ಕೇ ಎತ್ತಿಟ್ಟಿದ್ದೇನೆ, ಮುಂದಿನ ವರ್ಷಕ್ಕೆ ನೋಡೋಣ.

ಈಗ ಒಂದು ಪ್ರಶ್ನೆ ಉಳಿದಿದೆ. ರಜೆಗೆ ಲ್ಯಾಪ್‌ಟಾಪ್ ಮನೆಗೆ ಬರುತ್ತದೆ. ನಮ್ಮದು ಆಗುಂಬೆ ದಾರಿ, ಗೋಡೆಯಲ್ಲೇ ನೀರು ಇಳಿಯುತ್ತದೆ. ಹೇಗೆ ಇಡಬೇಕು?

ಭದ್ರಾವತಿ ರಿಪೇರಿಯವ

ಕಪಾಟಿನಲ್ಲಿ ಮುಚ್ಚಿಡಬೇಡಿ. ದಿನಾ ಒಂದು ಗಂಟೆಯಾದರೂ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಒಲೆಯಿಂದ ದೂರ, ಗೋಡೆಯಿಂದ ಒಂದು ಗೇಣು ಈಚೆ ಇಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ. ಬಣ್ಣ ಬದಲಾಗುವಂಥದ್ದು ಸಿಗುತ್ತದೆ, ಬದಲಾದ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಅದರ ಹುಡಿ ಪೋರ್ಟಿನೊಳಗೆ ಹೋಗುತ್ತದೆ. ಗುಡುಗು ಶುರುವಾದ ತಕ್ಷಣ ಚಾರ್ಜರ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ತೆಗೆಯಬೇಕು.